ತಿರುಗಿದ್ದು ಮನೆಯೋ, ನೋಟವೋ?

ನಮ್ಮ ಹಳೆಯ ಮನೆಯ ಅಡಿಗೆಮನೆಯಲ್ಲಿ ಒಂದು ಒರಳುಕಲ್ಲು ಇತ್ತು. ಒರಳು ನೆಲದಲ್ಲಿ ಹೂತದ್ದು, ಅದರೊಳಗೆ ಗುಂಡುಕಲ್ಲು. ಒರಳು ಕದಲುತ್ತಿರಲಿಲ್ಲ, ಅಜ್ಜಿ ಗುಂಡನ್ನು ತಿರುಗಿಸುತ್ತ ಹಿಟ್ಟು ರುಬ್ಬುತ್ತಿದ್ದರು. ಮುಂದೆ ಮನೆಗೆ ವಿದ್ಯುತ್ತಿನ ಗ್ರೈಂಡರು ಬಂತು. ಅಜ್ಜಿ ಅದರ ಮುಂದೆ ಬಹಳ ಹೊತ್ತು ಕುಳಿತು ನೋಡಿ, "ಇದೇನೋ ಮಗು, ಗುಂಡು ಸುಮ್ಮನೆ ನಿಂತಿದೆ, ಒರಳೇ ತಿರುಗ್ತಾ ಇದೆಯಲ್ಲೋ!" ಎಂದರು. ಅವರು ಕಂಡುಕೊಂಡದ್ದು ಸಣ್ಣ ಸಂಗತಿಯಲ್ಲ. ಗುಂಡು ತಿರುಗಲಿ, ಒರಳು ತಿರುಗಲಿ, ಹಿಟ್ಟಿಗೆ ಭೇದವಿಲ್ಲ. ಅಕ್ಕಿ ಉದ್ದು ಎರಡರಲ್ಲೂ ನುಣ್ಣಗಾಗುತ್ತವೆ. ಆದರೆ ನೆಲಕ್ಕೆ ಭೇದವುಂಟು. ನೆಲದಲ್ಲಿ ಹೂತ ಒರಳನ್ನು ತಿರುಗಿಸಲು ಹೊರಟರೆ ಅಡಿಗೆಮನೆಯೇ ಅಗೆದುಹೋದೀತು.

ಅಜ್ಜಿಯ ಈ ಮಾತು ನನಗೆ ಕಂಪ್ಯೂಟರಿನ ಮುಂದೆ ಕುಳಿತಾಗ ಮತ್ತೆ ಮತ್ತೆ ನೆನಪಾಗುತ್ತದೆ. ನನ್ನ ಕಸುಬು ಕಟ್ಟಡಗಳ ನಕ್ಷೆ ಬರೆಯುವುದು. ಇಂದು ಆ ಕೆಲಸ ಕಂಪ್ಯೂಟರಿನ ತಂತ್ರಾಂಶಗಳಲ್ಲಿ ನಡೆಯುತ್ತದೆ. ಮನೆ ಕಟ್ಟಿಸುವ ನಿಮ್ಮಲ್ಲಿ ಅನೇಕರು ಇದನ್ನು ನೋಡಿರುತ್ತೀರಿ. ಎಂಜಿನಿಯರರು ಕೈಯಲ್ಲಿನ ಮೌಸನ್ನು ಸ್ವಲ್ಪ ಸರಿಸುತ್ತಾರೆ. ಪರದೆಯ ಮೇಲೆ ನಿಮ್ಮ ಇನ್ನೂ ಹುಟ್ಟದ ಮನೆ ಬೊಂಬೆಯಂತೆ ತಿರುಗುತ್ತದೆ. ಮುಂಬಾಗಿಲು, ಪಕ್ಕದ ಗೋಡೆ, ಹಿತ್ತಿಲು, ತಾರಸಿ ಎಲ್ಲವೂ ಒಂದಾದ ಮೇಲೊಂದು ಕಾಣುತ್ತವೆ. ನೋಡಿ ಸಂತೋಷಪಡುತ್ತೇವೆ. ಆ ಸಂತೋಷದಲ್ಲಿ ಒಂದು ಪ್ರಶ್ನೆಯನ್ನು ಕೇಳಲು ಮರೆಯುತ್ತೇವೆ: ಈಗ ತಿರುಗಿದ್ದು ಮನೆಯೋ, ನೋಟವೋ?

ಇದು ಮಾತಿನ ಚಮತ್ಕಾರವಲ್ಲ. ಈ ಪ್ರಶ್ನೆಯನ್ನು ಒಮ್ಮೆ ನಾನು ಕೇಳಿಕೊಳ್ಳಲಿಲ್ಲ. ಅದರ ಫಲವನ್ನು ಒಂದು ಶಾಲೆಯ ಮಕ್ಕಳು ಉಂಡರು. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಹಿಂದಿನ ಕ್ರಮವನ್ನು ನೆನೆಯೋಣ. ನಕ್ಷೆ ಬರೆಯುವವನ ಮುಂದೆ ಒಂದು ದೊಡ್ಡ ಹಲಗೆ. ಅದರ ಮೇಲೆ ಬಿಗಿದ ಹಾಳೆ. ಕೈಯಲ್ಲಿ ಟೀ ಸ್ಕ್ವೇರು, ಸೆಟ್ ಸ್ಕ್ವೇರು, ಪೆನ್ಸಿಲು. ಓರೆಯಾದ ಗೋಡೆಯೊಂದನ್ನು ಬರೆಯಬೇಕಾದಾಗ ಆತ ಹಾಳೆಯನ್ನೇ ಓರೆಮಾಡಿ ಅಂಟಿಸುತ್ತಿದ್ದ, ಇಲ್ಲವೆ ತನ್ನ ಕತ್ತನ್ನೇ ಓರೆಮಾಡುತ್ತಿದ್ದ. ಹಾಳೆ ತಿರುಗಿದರೂ ಅದರ ಮೇಲಿನ ಮನೆ ಹಾಳೆಗೆ ಅಂಟಿಯೇ ಇರುತ್ತಿತ್ತು. ಮೂಲೆಯಲ್ಲಿ ಬರೆದ ಉತ್ತರದ ಬಾಣವೂ ಜೊತೆಯಲ್ಲಿಯೇ ತಿರುಗುತ್ತಿತ್ತು. ಮನೆಯನ್ನೇ ತಿರುಗಿಸಬೇಕಾದರೆ ಅಳಿಸಿ ಮತ್ತೆ ಬರೆಯಬೇಕು. ಒಂದು ಹಗಲಿನ ಕೆಲಸ ಅದು. ಆದ್ದರಿಂದ ಮನೆಯನ್ನು ತಿರುಗಿಸುವುದಕ್ಕೂ ನೋಟವನ್ನು ತಿರುಗಿಸುವುದಕ್ಕೂ ಇರುವ ಅಂತರ ಕೈಗೇ ತಿಳಿಯುತ್ತಿತ್ತು. ಒಂದು ಸುಲಭ, ಒಂದು ಕಷ್ಟ.

ಕಂಪ್ಯೂಟರು ಎರಡನ್ನೂ ಒಂದೇ ಸಮನಾಗಿ ಸುಲಭಮಾಡಿತು. ೧೯೬೩ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬ ತರುಣರು 'ಸ್ಕೆಚ್‌ಪ್ಯಾಡ್' ಎಂಬ ಹೆಸರಿನ ಪ್ರಬಂಧವನ್ನು ಒಪ್ಪಿಸಿದರು. ಬೆಳಕಿನ ಲೇಖನಿಯಿಂದ ಕಂಪ್ಯೂಟರಿನ ಪರದೆಯ ಮೇಲೆಯೇ ಗೆರೆ ಎಳೆಯುವ ವಿದ್ಯೆ ಅದು. ಆ ಪರದೆಯ ಕೆಳಗೆ ನಾಲ್ಕು ಕಪ್ಪು ತಿರುಪುಗಳಿದ್ದವು. ಅವನ್ನು ತಿರುವಿದರೆ ಚಿತ್ರದ ಯಾವ ಭಾಗ ಕಾಣಬೇಕು, ಎಷ್ಟು ದೊಡ್ಡದಾಗಿ ಕಾಣಬೇಕು ಎಂಬುದು ಬದಲಾಗುತ್ತಿತ್ತು, ಚಿತ್ರ ಬದಲಾಗುತ್ತಿರಲಿಲ್ಲ. ರೇಡಿಯೋ ಕೇಳುವ ನಿಮಗೆ ಇದು ಸುಲಭವಾಗಿ ತಿಳಿದೀತು. ನೀವು ರೇಡಿಯೋದ ತಿರುಪನ್ನು ತಿರುವಿದಾಗ ನಿಲಯವೇನೂ ತನ್ನ ಸಂಗೀತವನ್ನು ನಿಲ್ಲಿಸುವುದಿಲ್ಲ. ನಿಮ್ಮ ಕಿವಿಗೆ ಬೀಳುವುದು ಬದಲಾಗುತ್ತದೆ, ಅಷ್ಟೆ. ಅದೇ ವರ್ಷ ಅಲ್ಲಿಯೇ ತಿಮೊತಿ ಜಾನ್ಸನ್ ಎಂಬವರು ಇದನ್ನು ಮೂರು ಆಯಾಮಗಳಿಗೆ ವಿಸ್ತರಿಸಿದರು. ಮೇಲಿನ ನೋಟ, ಮುಂದಿನ ನೋಟ, ಪಕ್ಕದ ನೋಟ, ಯಥಾದೃಷ್ಟಿ ಎಂದು ಪರದೆಯನ್ನು ನಾಲ್ಕು ಪಾಲು ಮಾಡಿದರು. ಒಂದರಲ್ಲಿ ಗೆರೆ ಎಳೆದರೆ ಉಳಿದವುಗಳಲ್ಲಿಯೂ ಅದು ಮೂಡುತ್ತಿತ್ತು.

ಇಂದಿನ ಕಟ್ಟಡ ತಂತ್ರಾಂಶಗಳೆಲ್ಲ ಇದೇ ಬಳ್ಳಿಯ ಕಾಯಿಗಳು. ಹಂಗೇರಿ ದೇಶದ ಆರ್ಕಿಕ್ಯಾಡ್ ೧೯೮೦ರ ದಶಕದಲ್ಲಿ ಬಂತು. ಈಗ ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿರುವ ರೆವಿಟ್ ೨೦೦೦ದಲ್ಲಿ ಬಂತು. ಇವುಗಳಲ್ಲಿ ನಾವು ಬರೆಯುವುದು ಬರಿಯ ಗೆರೆಯನ್ನಲ್ಲ. ಗೋಡೆಯನ್ನು ಗೋಡೆ ಎಂದೇ, ಕಿಟಕಿಯನ್ನು ಕಿಟಕಿ ಎಂದೇ ಇಡುತ್ತೇವೆ. ಒಳಗೆ ಇರುವುದು ಒಂದೇ ಮನೆ. ತಳದ ನಕ್ಷೆ, ಮುಂಭಾಗದ ನೋಟ, ಸೀಳು ನೋಟ ಇವೆಲ್ಲ ಆ ಒಂದು ಮನೆಯನ್ನು ಇಣುಕಿ ನೋಡುವ ಬೇರೆ ಬೇರೆ ಕಿಂಡಿಗಳು.

ಈಗ ವಸ್ತುವನ್ನು ತಿರುಗಿಸುವುದು ಹೇಗೆಂದು ನೋಡೋಣ. ಅದಕ್ಕೆ ಮೂರು ಸಂಗತಿಗಳನ್ನು ಹೇಳಲೇಬೇಕು. ಯಾವ ಬಿಂದುವನ್ನು ಹಿಡಿದು ತಿರುಗಬೇಕು, ಯಾವ ಕಡೆಗೆ ತಿರುಗಬೇಕು, ಎಷ್ಟು ತಿರುಗಬೇಕು. ಬಿಂದು ಮುಖ್ಯ. ಬಾಗಿಲು ತನ್ನ ಕೀಲನ್ನು ಹಿಡಿದು ತಿರುಗುತ್ತದೆ. ರಾಟೆ ತನ್ನ ನಡುವನ್ನು ಹಿಡಿದು ತಿರುಗುತ್ತದೆ. ನಾವು ಏನೂ ಹೇಳದಿದ್ದರೆ ರೆವಿಟ್ ಆರಿಸಿದ ವಸ್ತುಗಳ ನಟ್ಟನಡುವನ್ನೇ ಕೇಂದ್ರವೆಂದು ಹಿಡಿಯುತ್ತದೆ. ಮನೆಯ ಮೂಲೆಯ ಕಲ್ಲು ಅಲ್ಲಾಡಬಾರದು ಎಂದು ನಮ್ಮ ಮನಸ್ಸಿನಲ್ಲಿದ್ದರೆ ಆ ಕೇಂದ್ರವನ್ನು ನಾವೇ ಮೂಲೆಗೆ ಎಳೆದು ಇಡಬೇಕು.

ಎಷ್ಟು ಎಂಬುದೂ ಸಣ್ಣ ಮಾತಲ್ಲ. ಒಂದು ಡಿಗ್ರಿ ತಾನೆ ಎಂದು ಉಪೇಕ್ಷೆ ಮಾಡಬಾರದು. ಒಂದು ಲೆಕ್ಕವನ್ನು ನೆನಪಿಡಿ: ೬೦ ಅಡಿ ದೂರದಲ್ಲಿ ೧ ಡಿಗ್ರಿ ಎಂದರೆ ಸುಮಾರು ೧ ಅಡಿ. ನಿಮ್ಮ ನಿವೇಶನ ೬೦ ಅಡಿ ಉದ್ದದ್ದಾಗಿದ್ದರೆ, ಈ ಮೂಲೆಯಲ್ಲಿ ಹಿಡಿದು ಒಂದು ಡಿಗ್ರಿ ತಿರುಗಿಸಿದ ಮನೆ ಆ ಮೂಲೆಯಲ್ಲಿ ಒಂದು ಅಡಿ ಸರಿದಿರುತ್ತದೆ. ನೆರೆಯವರೊಡನೆ ಜಗಳವಾಡಲು ಒಂದು ಅಡಿ ಧಾರಾಳವಾಗಿ ಸಾಕು.

ಯಾವ ಕಡೆಗೆ ಎಂಬುದರಲ್ಲಿ ಇನ್ನೊಂದು ತೊಡಕು. ನಾವು ದೇವಸ್ಥಾನದಲ್ಲಿ ಬಲಗಡೆಯಿಂದ ಸುತ್ತು ಬರುತ್ತೇವೆ. ಭೂಮಿಯನ್ನು ಅಳೆಯುವ ಸರ್ವೆಯವರೂ ಹಾಗೆಯೇ; ಉತ್ತರದಿಂದ ಹೊರಟು ಪ್ರದಕ್ಷಿಣೆಯಾಗಿ, ಪೂರ್ವಕ್ಕೆ ೯೦, ದಕ್ಷಿಣಕ್ಕೆ ೧೮೦ ಎಂದು ಎಣಿಸುತ್ತಾರೆ. ಗಣಿತದ ಪದ್ಧತಿಯನ್ನು ಅನುಸರಿಸುವ ಆಟೋಕ್ಯಾಡಿನಂಥ ತಂತ್ರಾಂಶ ನಾವು ಬದಲಿಸದೆ ಇದ್ದರೆ ಪೂರ್ವದಿಂದ ಹೊರಟು ಅಪ್ರದಕ್ಷಿಣೆಯಾಗಿ ಎಣಿಸುತ್ತದೆ. ಸರ್ವೆಯವರು ೩೦ ಎಂದು ಬರೆದುಕೊಟ್ಟ ದಿಕ್ಕು ಇಲ್ಲಿ ೬೦ ಆಗುತ್ತದೆ. ಇದನ್ನು ತಿಳಿಯದೆ ಅಂಕಿಯನ್ನು ಹಾಗೆಯೇ ಒತ್ತಿದರೆ ಮನೆ ತಪ್ಪು ಕಡೆಗೆ ಮುಖಮಾಡಿ ಕುಳಿತುಬಿಡುತ್ತದೆ. ಪರದೆಯ ಮೇಲೆ ಆಗಲೂ ಅದು ಅಂದವಾಗಿಯೇ ಕಾಣುತ್ತದೆ!

ಇನ್ನು ನೋಟವನ್ನು ತಿರುಗಿಸುವುದು. ಮೂರು ಆಯಾಮದ ನೋಟದಲ್ಲಿ ಮೌಸಿನಿಂದ ಎಳೆದಾಗ ಮನೆ ತಿರುಗಿದಂತೆ ಕಾಣುತ್ತದಲ್ಲವೆ? ಅಲ್ಲಿ ತಿರುಗಿದ್ದು ನಾವು. ನಾವು ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಮನೆಗೆ ಒಂದು ಪ್ರದಕ್ಷಿಣೆ ಬಂದೆವು. ಮನೆಯ ಒಂದು ಇಟ್ಟಿಗೆಯೂ ಕದಲಲಿಲ್ಲ. ಯಾವ ಅಳತೆಯೂ ಬದಲಾಗಲಿಲ್ಲ. ತಳದ ನಕ್ಷೆಯಲ್ಲಿಯೂ ಹೀಗೆಯೇ ಮಾಡಬಹುದು. ಆಸ್ಪತ್ರೆಯಂಥ ದೊಡ್ಡ ಕಟ್ಟಡದ ಒಂದು ಭಾಗ ಓರೆಯಾಗಿದೆಯೆನ್ನಿ. ಆ ಭಾಗದ ಹಾಳೆಯಲ್ಲಿ ಅದನ್ನು ನೆಟ್ಟಗೆ ತೋರಿಸಿದರೆ ಓದುವ ಮೇಸ್ತ್ರಿಗೆ ಅನುಕೂಲ. ರೆವಿಟ್‌ನಲ್ಲಿ ನೋಟದ ಸುತ್ತ ಒಂದು ಚೌಕಟ್ಟು ಇರುತ್ತದೆ. ಆ ಚೌಕಟ್ಟನ್ನು ತಿರುಗಿಸಬಹುದು. ಇಲ್ಲಿ ಒಂದು ಸೋಜಿಗ. ನೀವು ಚೌಕಟ್ಟನ್ನು ಬಲಕ್ಕೆ ತಿರುಗಿಸುತ್ತೀರಿ. ಚೌಕಟ್ಟು ನೆಟ್ಟಗೇ ನಿಂತಿರುತ್ತದೆ, ಮನೆ ಎಡಕ್ಕೆ ತಿರುಗಿದಂತೆ ಕಾಣುತ್ತದೆ! ಹೊಸಬರು ಹೌಹಾರುತ್ತಾರೆ. ಹೌಹಾರಬೇಕಾದ್ದಿಲ್ಲ. ರೈಲು ಮುಂದೆ ಹೋದಾಗ ತೆಂಗಿನ ಮರಗಳು ಹಿಂದಕ್ಕೆ ಓಡುವುದಿಲ್ಲವೆ, ಅದೇ ನ್ಯಾಯ ಇದು.

ಹಾಗಾದರೆ ಪರದೆಯನ್ನು ನೋಡಿ, ತಿರುಗಿದ್ದು ಮನೆಯೋ ನೋಟವೋ ಎಂದು ಕಂಡುಹಿಡಿಯುವುದು ಹೇಗೆ? ಒಂದು ಪರೀಕ್ಷೆಯುಂಟು. ನಾಳೆ ಬೆಳಗ್ಗೆ ನೀವೇ ಮಾಡಿ ನೋಡಬಹುದು. ಬೆಳಕು ಬರುವ ಕಿಟಕಿಯ ಎದುರಿಗೆ ಒಂದು ಚೊಂಬನ್ನಿಡಿ. ಕಿಟಕಿಯ ಕಡೆಗಿರುವ ಅದರ ಮೈಗೆ ಒಂದು ಕುಂಕುಮದ ಬೊಟ್ಟಿಡಿ. ಕಿಟಕಿಗೆ ಬೆನ್ನು ಮಾಡಿ, ಬೆಳಕಿಗೆ ಅಡ್ಡವಾಗದಂತೆ ಕುಳಿತರೆ ಬೊಟ್ಟು ಕಾಣುತ್ತದೆ. ಈಗ ಚೊಂಬನ್ನು ಅರ್ಧ ಸುತ್ತು ತಿರುಗಿಸಿ; ಬೊಟ್ಟು ಮರೆಯಾಯಿತು. ಮತ್ತೆ ಮೊದಲಿನಂತೆ ಇಟ್ಟು, ಚೊಂಬನ್ನು ಮುಟ್ಟದೆ ನೀವೇ ಆ ಕಡೆಗೆ ಹೋಗಿ ನಿಲ್ಲಿ. ಈಗಲೂ ಬೊಟ್ಟು ಮರೆಯಾಯಿತು. ನಿಮ್ಮ ಕಣ್ಣಿಗೆ ಎರಡೂ ಒಂದೇ. ಬೆಳಕಿಗೆ ಒಂದೇ ಅಲ್ಲ. ಮೊದಲ ಸಲ ಬೊಟ್ಟು ನೆರಳಿಗೆ ಹೋಯಿತು. ಎರಡನೆಯ ಸಲ ಅದು ಬೆಳಕಿನಲ್ಲಿಯೇ ಇದೆ. ತಿರುಗಿದವರು ಯಾರು ಎಂಬುದಕ್ಕೆ ಸಾಕ್ಷಿ ಕಣ್ಣಲ್ಲ, ಬೆಳಕು. ಮನೆಯ ವಿಷಯದಲ್ಲಿ ಆ ಸಾಕ್ಷಿ ಸೂರ್ಯ.

ಸೂರ್ಯನ ಮಾತು ಬಂದಾಗ ಉತ್ತರ ದಿಕ್ಕಿನ ಮಾತೂ ಬರಬೇಕು. ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್ ದ್ವೀಪದಲ್ಲಿ ೧೮೧೧ರ ಯೋಜನೆಯಂತೆ ಬೀದಿಗಳನ್ನು ಚದುರಂಗದ ಮಣೆಯ ಹಾಗೆ ಹಾಕಿದರು. ದ್ವೀಪವೇ ಓರೆಯಾಗಿದ್ದುದರಿಂದ ಬೀದಿಗಳೂ ಓರೆಯಾದವು. ಅಲ್ಲಿನ ಉದ್ದ ಬೀದಿಗಳು ನಿಜವಾದ ಉತ್ತರದಿಂದ ಸುಮಾರು ೨೯ ಡಿಗ್ರಿ ಪೂರ್ವಕ್ಕೆ ವಾಲಿವೆ. ಆದರೂ ಜನ ಆ ಬೀದಿಗಳ ತುದಿಯನ್ನೇ ಉತ್ತರವೆನ್ನುತ್ತಾರೆ. ಎಡಬಲಗಳನ್ನು ಪಶ್ಚಿಮ ಪೂರ್ವಗಳೆನ್ನುತ್ತಾರೆ. ದಿನದ ವ್ಯವಹಾರಕ್ಕೆ ಅದು ಸಾಕು. ಸೂರ್ಯ ಮಾತ್ರ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಮೇ ತಿಂಗಳ ಕೊನೆಯಲ್ಲೊಮ್ಮೆ, ಜುಲೈ ನಡುವಿನಲ್ಲೊಮ್ಮೆ ಅಡ್ಡಬೀದಿಗಳ ತುದಿಯಲ್ಲಿ ಸರಿಯಾಗಿ ಸೂರ್ಯ ಮುಳುಗುತ್ತಾನೆ. ಅದನ್ನು ನೋಡಲು ಜನ ಬೀದಿಯಲ್ಲಿ ಸೇರುತ್ತಾರೆ. ಬೀದಿಗಳು ನಿಜವಾಗಿ ಪೂರ್ವ ಪಶ್ಚಿಮವಾಗಿದ್ದಿದ್ದರೆ ಆ ನೋಟ ಸಿಗಬೇಕಾದ್ದು ಹಗಲು ರಾತ್ರಿಗಳು ಸಮವಾಗುವ ಮಾರ್ಚ್, ಸೆಪ್ಟೆಂಬರುಗಳಲ್ಲಿ.

ತಂತ್ರಾಂಶವನ್ನು ಮಾಡಿದವರು ಇದನ್ನು ಬಲ್ಲರು. ಅದಕ್ಕಾಗಿಯೇ ರೆವಿಟ್‌ನಲ್ಲಿ ಎರಡು ಉತ್ತರಗಳನ್ನು ಇಟ್ಟಿದ್ದಾರೆ. ಒಂದು ಯೋಜನೆಯ ಉತ್ತರ: ಬರೆಯುವ ಅನುಕೂಲಕ್ಕಾಗಿ ಹಾಳೆಯ ಮೇಲ್ಭಾಗವೇ ಉತ್ತರವೆಂದು ಒಪ್ಪಿಕೊಂಡದ್ದು. ಇನ್ನೊಂದು ನಿಜವಾದ ಉತ್ತರ: ಧ್ರುವದ ಕಡೆಗಿನದು. ನಕ್ಷೆಯ ಪ್ರತಿಯೊಂದು ನೋಟವನ್ನೂ ನಮಗೆ ಬೇಕಾದ ಉತ್ತರಕ್ಕೆ ಹೊಂದಿಸಿಕೊಳ್ಳಬಹುದು. ಗೋಡೆಗಳನ್ನು ಬರೆಯುವಾಗ ಮೊದಲನೆಯದು; ನಿವೇಶನದ ನಕ್ಷೆಗೆ, ಬಿಸಿಲು ನೆರಳಿನ ಪರೀಕ್ಷೆಗೆ ಎರಡನೆಯದು. ಆದರೆ ನಿಜವಾದ ಉತ್ತರ ಎಲ್ಲಿದೆ ಎಂದು ನಾವು ಹೇಳಿಕೊಡಬೇಕು. ಹೇಳಿಕೊಡದಿದ್ದರೆ ಎರಡೂ ಒಂದೇ ಎಂದು ಯಂತ್ರ ನಂಬುತ್ತದೆ.

ನಾನು ಹೇಳಿಕೊಡಲಿಲ್ಲ. ಬಯಲುಸೀಮೆಯ ಒಂದು ಊರಿನಲ್ಲಿ ಶಾಲೆಯ ಕಟ್ಟಡ. ಎದುರಿನ ರಸ್ತೆ ದಿಕ್ಕುಗಳಿಗೆ ಸರಿಯಾಗಿಲ್ಲದೆ ಮೂಲೆಯಿಂದ ಮೂಲೆಗೆ ಹಾದಿತ್ತು. ಇಂಥ ನಿವೇಶನವನ್ನು ನಮ್ಮವರು ವಿದಿಕ್ಕು ಎನ್ನುತ್ತಾರೆ. ಬರೆಯಲು ಸುಲಭವಾಗಲೆಂದು ರಸ್ತೆಯನ್ನು ಹಾಳೆಯ ಕೆಳಗೆ ಅಡ್ಡಲಾಗಿ ಬರುವಂತೆ ಇಟ್ಟುಕೊಂಡೆ. ತರಗತಿಗಳ ದೊಡ್ಡ ಕಿಟಕಿಗಳು ಹಾಳೆಯ ಮೇಲ್ಗಡೆಗೆ ಬಂದವು. ಬಿಸಿಲಿನ ಪರೀಕ್ಷೆಯನ್ನು ಓಡಿಸಿದೆ. ಮಾರ್ಚ್ ಮೊದಲ ವಾರ, ಮಧ್ಯಾಹ್ನ ಮೂರು ಗಂಟೆ. ಕಿಟಕಿಗಳ ಮೇಲೆ ತಂಪಾದ ನೆರಳು ಬಿದ್ದಿತ್ತು. ಆ ಚಿತ್ರವನ್ನು ಶಾಲೆಯ ಸಮಿತಿಯವರಿಗೆ ತೋರಿಸಿ ಹೊಗಳಿಕೆಯನ್ನೂ ಪಡೆದೆ.

ಕಟ್ಟಡ ಎದ್ದಿತು. ಮರುವರ್ಷ ಮಾರ್ಚಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಹೇಳಿಕಳುಹಿಸಿದರು. ಹೋದೆ. ಮಧ್ಯಾಹ್ನದ ಪರೀಕ್ಷೆ ನಡೆಯುತ್ತಿತ್ತು. ಕಿಟಕಿಯ ಸಾಲಿನ ಮಕ್ಕಳು ಒಂದು ಕೈಯನ್ನು ಹಣೆಗೆ ಅಡ್ಡಹಿಡಿದು ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದರು. ಒಂದು ಹುಡುಗಿ ಉತ್ತರಪತ್ರಿಕೆಯ ಮೇಲೆ ತನ್ನ ತಲೆಯ ನೆರಳೇ ಬೀಳುವಂತೆ ಬಗ್ಗಿಕೊಂಡಿದ್ದಳು. ಬಿಸಿಲು ಕೋಣೆಯ ಒಳಕ್ಕೆ ಹೊಕ್ಕು ಹಾಸಿತ್ತು. ಮುಖ್ಯೋಪಾಧ್ಯಾಯಿನಿಯವರು ಗದರಿಸಲಿಲ್ಲ. "ನಿಮ್ಮ ನಕ್ಷೆಯನ್ನು ಸೂರ್ಯನಿಗೂ ತೋರಿಸಿದ್ದಿರಾ, ಸಾರ್?" ಎಂದು ಕೇಳಿದರು.

ಹಾಳೆಯ ಮೇಲ್ಗಡೆ ಉತ್ತರವಾಗಿರಲಿಲ್ಲ, ವಾಯವ್ಯವಾಗಿತ್ತು. ಮಾರ್ಚಿಯ ಮೊದಲ ವಾರಗಳಲ್ಲಿ ಸೂರ್ಯ ದಿನವೆಲ್ಲ ಪೂರ್ವ ಪಶ್ಚಿಮ ರೇಖೆಗೆ ದಕ್ಷಿಣದಲ್ಲಿಯೇ ನಡೆಯುತ್ತಾನೆ. ಉತ್ತರದ ಗೋಡೆಗೆ ಬಿಸಿಲು ತಾಕುವುದಿಲ್ಲ. ಯಂತ್ರ ತೋರಿಸಿದ ನೆರಳು ಸುಳ್ಳಲ್ಲ. ಆದರೆ ಅದು ಉತ್ತರಕ್ಕೆ ಮುಖಮಾಡಿದ ಬೇರೊಂದು ಶಾಲೆಯ ನೆರಳು. ವಾಯವ್ಯದ ಗೋಡೆಗೆ ಆ ದಿನಗಳಲ್ಲಿ ಸಂಜೆಯ ಬಿಸಿಲು ತಪ್ಪದು. ನಾನು ತಿರುಗಿಸಿದ್ದು ನೋಟವನ್ನು ಎಂದುಕೊಂಡಿದ್ದೆ. ಯಂತ್ರದ ಲೆಕ್ಕದಲ್ಲಿ ಶಾಲೆಯನ್ನೇ ತಿರುಗಿಸಿದ್ದೆ. ಪರದೆಯ ಮೇಲೆ ಆ ತಪ್ಪನ್ನು ಒಂದು ಅಂಕಿಯಿಂದ ತಿದ್ದಬಹುದಾಗಿತ್ತು. ಕಟ್ಟಿದ ಮೇಲೆ ತಿದ್ದಲು ಕಿಟಕಿಗಳ ಹೊರಗೆ ನೆಟ್ಟನೆಯ ಸಿಮೆಂಟಿನ ಹಲಗೆಗಳನ್ನು ನಿಲ್ಲಿಸಬೇಕಾಯಿತು. ಅವುಗಳಾಚೆ ಹೊಂಗೆಯ ಸಸಿಗಳನ್ನು ನೆಡಬೇಕಾಯಿತು. ಹೊಂಗೆ ನೆರಳು ಕೊಡುವಷ್ಟು ಬೆಳೆಯುವ ಹೊತ್ತಿಗೆ ಆ ಹುಡುಗಿ ಶಾಲೆ ಬಿಟ್ಟಿದ್ದಳು.

ನಮ್ಮ ಹಿರಿಯರು ಈ ತಪ್ಪನ್ನು ಮಾಡಲಾರದಂತೆ ಒಂದು ಕ್ರಮವನ್ನಿಟ್ಟಿದ್ದರು. ಕಟ್ಟಡದ ಮೊದಲ ಕೆಲಸಕ್ಕೆ ನಾವು ಇಂದಿಗೂ ಶಂಕುಸ್ಥಾಪನೆ ಎನ್ನುತ್ತೇವೆ. ಶಂಕುವೆಂದರೆ ಗೂಟ. ಮಾನಸಾರದಂಥ ಶಿಲ್ಪಗ್ರಂಥಗಳಲ್ಲಿ ಶಂಕುವನ್ನು ನಿಲ್ಲಿಸುವುದು ದಿಕ್ಕನ್ನು ಗೊತ್ತುಮಾಡುವುದಕ್ಕೆ. ಸಮನಾದ ನೆಲದಲ್ಲಿ ಗೂಟವನ್ನು ನೆಟ್ಟಗೆ ನೆಟ್ಟು, ಅದರ ಸುತ್ತ ಒಂದು ವೃತ್ತವನ್ನು ಎಳೆಯುತ್ತಿದ್ದರು. ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಬರುವ ಜಾಗಕ್ಕೆ ಒಂದು ಗುರುತು. ಮಧ್ಯಾಹ್ನದ ಮೇಲೆ ಮುಟ್ಟಿ ಹೊರಗೆ ಹೋಗುವ ಜಾಗಕ್ಕೆ ಇನ್ನೊಂದು ಗುರುತು. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವ ಪಶ್ಚಿಮ. ಅದಕ್ಕೆ ಲಂಬವಾಗಿ ಎಳೆದದ್ದು ಉತ್ತರ ದಕ್ಷಿಣ. ಸೂಜಿಕಲ್ಲಿನ ದಿಕ್ಸೂಚಿ ತೋರಿಸುವುದು ಕಾಂತದ ಉತ್ತರವನ್ನು. ಹತ್ತಿರ ಕಬ್ಬಿಣದ ಸರಳುಗಳ ರಾಶಿಯಿದ್ದರೆ ಅದನ್ನೂ ತೋರಿಸದು. ಗೂಟದ ನೆರಳಿಗೆ ಆ ಭಯವಿಲ್ಲ. ಸೂರ್ಯನನ್ನು ಮೊದಲು ಕೇಳಿ, ಆಮೇಲೆ ಗೆರೆ ಎಳೆಯುವುದು. ಇದು ಶಂಕುಸ್ಥಾಪನೆಯ ತಿರುಳು. ನಾವು ಹೆಸರನ್ನು ಉಳಿಸಿಕೊಂಡು ನೆರಳನ್ನು ನೋಡುವುದನ್ನು ಬಿಟ್ಟೆವು.

ಉತ್ತರದ ಗೋಡೆಗೆ ಬಿಸಿಲೇ ಇಲ್ಲವೆಂದು ಎಲ್ಲ ಕಾಲಕ್ಕೂ ನಂಬುವ ಹಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಲಂಡನ್, ನ್ಯೂಯಾರ್ಕುಗಳಲ್ಲಿ ನಡುಹಗಲಿನ ಸೂರ್ಯ ಎಂದೂ ನೆತ್ತಿಯನ್ನು ದಾಟಿ ಉತ್ತರಕ್ಕೆ ಬಾರನು. ಬೆಂಗಳೂರು ಇರುವುದು ಸುಮಾರು ೧೩ ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ೨೪ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬಂದು, ನೆಟ್ಟ ಗೂಟಕ್ಕೆ ನೆರಳೇ ಇಲ್ಲದಂತೆ ಮಾಡುತ್ತಾನೆ. ಅಲ್ಲಿಂದ ಆಗಸ್ಟ್ ೧೮ರ ಸುಮಾರಿನವರೆಗೆ ಮಧ್ಯಾಹ್ನದ ಬಿಸಿಲು ಬರುವುದು ಉತ್ತರದಿಂದ. ಆದ್ದರಿಂದ ಯಂತ್ರಕ್ಕೆ ದಿಕ್ಕನ್ನು ಮಾತ್ರವಲ್ಲ, ಊರನ್ನೂ ತಿಂಗಳನ್ನೂ ಹೇಳಬೇಕು.

ಈ ತಂತ್ರಾಂಶಗಳ ಮೇಲೆ ನನಗೆ ಕೋಪವಿಲ್ಲ. ಹಲಗೆಯ ಕಾಲದಲ್ಲಿ ಮನೆ ಕಟ್ಟುವ ಮೊದಲು ಅದರ ಸುತ್ತ ನಡೆದಾಡಿ ಬರುವ ಭಾಗ್ಯ ಯಾರಿಗೂ ಇರಲಿಲ್ಲ. ಈಗ ಅದು ಉಂಟು. ಅದನ್ನು ಸರಿಯಾಗಿ ಬಳಸಬೇಕು, ಅಷ್ಟೆ. ಈ ಕಸುಬಿನ ಕಿರಿಯರಿಗೆ ನನ್ನ ಮಾತು ಇಷ್ಟು: ತಿರುಗಿಸುವ ಮೊದಲು ಒಂದು ಗಳಿಗೆ ನಿಲ್ಲಿ. ನೋಡುವ ಅನುಕೂಲಕ್ಕೆ ತಿರುಗಿಸುವುದಾದರೆ ನೋಟವನ್ನು ತಿರುಗಿಸಿ. ನೆಲದ ಮೇಲೆ ನಿಜವಾಗಿ ತಿರುಗಬೇಕಾದ್ದಾದರೆ ಮಾತ್ರ ಮನೆಯನ್ನು ಮುಟ್ಟಿ. ಕದಲಬಾರದ ಮೂಲೆಗಲ್ಲು, ಎಲ್ಲೆಗಳಿಗೆ ಮೊದಲೇ ಬೀಗ ಹಾಕಿಡಿ. ಅದಕ್ಕಾಗಿಯೇ ಗುಂಡುಸೂಜಿಯ ಗುರುತಿನ ಸೌಕರ್ಯವನ್ನು ಇಟ್ಟಿದ್ದಾರೆ. ಹಾಳೆಯ ಮೇಲೆ ಎರಡು ಉತ್ತರಗಳಿಗೂ ಎರಡು ಬಾಣಗಳನ್ನು ಬರೆಯಿರಿ.

ಮನೆ ಕಟ್ಟಿಸುವವರಿಗೂ ಒಂದು ಮಾತು. ಮುಂದಿನ ಸಲ ನಿಮ್ಮ ಎಂಜಿನಿಯರರು ಬಣ್ಣಬಣ್ಣದ ಮನೆಯನ್ನು ಪರದೆಯ ಮೇಲೆ ತಿರುಗಿಸಿ ತೋರಿಸಿದಾಗ, ನೋಡಿ ಸಂತೋಷಪಡಿ. ಆಮೇಲೆ ಮೆಲ್ಲಗೆ, "ನಿಜವಾದ ಉತ್ತರ ಯಾವ ಕಡೆ, ಸ್ವಾಮಿ? ಮಧ್ಯಾಹ್ನ ಮೂರು ಗಂಟೆಯ ನೆರಳನ್ನು ಒಮ್ಮೆ ತೋರಿಸಿ" ಎಂದು ಕೇಳಿ. ಅವರು ಬೇಸರಪಟ್ಟುಕೊಳ್ಳಲಾರರು. ಪಟ್ಟುಕೊಂಡರೂ ಚಿಂತೆಯಿಲ್ಲ. ಒಂದು ಬಿಡುವಿನ ದಿನ ನಿವೇಶನಕ್ಕೆ ಹೋಗಿ ಒಂದು ಗೂಟ ನೆಟ್ಟು, ಬೆಳಗಿನಿಂದ ಸಂಜೆಯವರೆಗೆ ಅದರ ನೆರಳನ್ನು ನೋಡಿ ಬನ್ನಿ.

ಪರದೆಯ ಮೇಲಿನ ಮನೆ ಗ್ರೈಂಡರಿನ ಒರಳಿನಂತೆ. ಎಷ್ಟು ಬೇಕಾದರೂ ತಿರುಗೀತು. ನೆಲದ ಮೇಲಿನ ಮನೆ ಅಜ್ಜಿಯ ಒರಳು. ಒಮ್ಮೆ ಹೂತರೆ ಹೂತ ಹಾಗೆಯೇ.